ಅತ್ತೆಯವರಿಗೆ ಮರೆವಿಲ್ಲ

ಈ ವಾರ ಬಾಗಲಕೋಟೆಯ ನವನಗರದಿಂದ ಬಂದ ಒಂದೇ ಒಂದು ಪತ್ರವನ್ನು ಎತ್ತಿಕೊಂಡಿದ್ದೇನೆ. ಉಳಿದವರು ಕ್ಷಮಿಸಬೇಕು. ನಾಲ್ಕು ಪುಟಗಳ ಈ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಕಣ್ಣು ತುಂಬಿತು, ಮೂರನೆಯ ಸಲ ಸಿಟ್ಟು ಬಂತು. ಸಿಟ್ಟು ಬರೆದವರ ಮೇಲಲ್ಲ.

ಬರೆದವರಿಗೆ 51 ವರ್ಷ, ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕ್ಯಾಷಿಯರ್. ಹದಿನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಅಕ್ಕನ ಬಳಗದಲ್ಲಿ ವಚನ ಹಾಡುತ್ತಿದ್ದರು. ಪತಿ ಸ್ಕೂಟರಿನಲ್ಲಿ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಕುಳಿತು ಕೇಳಿ, ಮತ್ತೆ ಕರೆದುಕೊಂಡು ಬರುತ್ತಿದ್ದರು. ಬನದ ಹುಣ್ಣಿಮೆಯ ತೇರು ಎಳೆದ ಮೇಲೆ ಬನಶಂಕರಿ ಜಾತ್ರೆಗೆ ಹೋಗಿ ಒಂದಾದರೂ ಕಂಪನಿ ನಾಟಕ ನೋಡುವುದು ಇಬ್ಬರಿಗೂ ವರ್ಷದ ಹಬ್ಬ. ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮೂರು ದಿನ ಇರುವಾಗ ಪತಿ ಹೃದಯಾಘಾತದಿಂದ ತೀರಿಕೊಂಡರು. ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಮಗಳದು ಪಿಯುಸಿ ಎರಡನೆಯ ವರ್ಷ, ಮನೆಯಲ್ಲಿ 79 ವರ್ಷದ ಅತ್ತೆ. ಬಳಗಕ್ಕೆ ಅಂದಿನಿಂದ ಹೋಗಿಲ್ಲ. ವೇಳೆ ಸಿಗುವುದಿಲ್ಲ, ಸಿಕ್ಕರೂ ಮನಸ್ಸಿಲ್ಲ. ವರ್ಷ ತುಂಬುವ ಮೊದಲೇ ಹಾಡು, ನಾಟಕ ಎಂದು ಹೊರಟರೆ ಜನ ಏನೆಂದಾರು ಎಂದು ನೆಗೆಣ್ಣಿ ಎಚ್ಚರಿಸಿದ್ದಾರೆ. ಈ ಸಲ ಜಾತ್ರೆಗೆ ಹೋಗುವುದು ತಪ್ಪೇ, ಬಳಗವನ್ನು ಪೂರ್ತಿ ಬಿಟ್ಟುಬಿಡಲೇ ಎಂಬುದು ಪ್ರಶ್ನೆ.

ತಂಗಿ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನೀವು ಮೂರನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಮಾತೊಂದಿದೆ: "ಅತ್ತೆಯವರಿಗೆ ಇತ್ತೀಚೆಗೆ ಮರೆವು ಬೇರೆ, ಪ್ರತಿ ಶನಿವಾರ, ಇವತ್ತು ಹಾಡಲು ಹೋಗುವುದಿಲ್ಲವೇನು ಎಂದು ಕೇಳುತ್ತಾರೆ." ಅದನ್ನು ನಿಮ್ಮ ತಾಪತ್ರಯಗಳ ಪಟ್ಟಿಯಲ್ಲಿ ಸೇರಿಸಿದ್ದೀರಿ, ಮಗಳ ಟ್ಯೂಷನ್ ಮತ್ತು ಅಡುಗೆ ಅನಿಲದ ನಡುವೆ. ಈಗ ನಿಮ್ಮ ಪತ್ರದ ಮೊದಲನೆಯ ಪುಟಕ್ಕೆ ಬನ್ನಿ. ಮೊನ್ನೆ ಛಟ್ಟಿ ಅಮಾವಾಸ್ಯೆಯ ಬೆಳಿಗ್ಗೆ ಅದೇ ಅತ್ತೆ, "ಅವನು ಹೋದ ಮೇಲೆ ಇದು ಆರನೆಯ ಅಮಾವಾಸ್ಯೆ" ಎಂದರೆಂದು ಬರೆದಿದ್ದೀರಿ. ನಾನು ಬೆರಳು ಮಡಚಿ ಎಣಿಸಿದೆ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಬೆನಕನ ಅಮಾವಾಸ್ಯೆ, ಮಹಾಲಯ, ದೀಪಾವಳಿ, ಛಟ್ಟಿ. ಲೆಕ್ಕ ಸರಿಯಾಗಿದೆ. ಮಗ ಹೋದ ದಿನದಿಂದ ಅಮಾವಾಸ್ಯೆಗಳನ್ನು ಒಂದೂ ತಪ್ಪದೆ ಎಣಿಸುತ್ತಿರುವ ಮುದುಕಿಗೆ, ಸೊಸೆ ಐದು ತಿಂಗಳಿಂದ ಹಾಡಲು ಹೋಗಿಲ್ಲ ಎಂಬುದು ಮರೆತುಹೋಗುತ್ತದೆಯೇ?

ಅವರಿಗೆ ಎಲ್ಲವೂ ನೆನಪಿದೆ. ಹೋಗು ಎಂದು ಅವರು ಹೇಳಲಾರರು. ಮಗ ಸತ್ತ ಮನೆಯಲ್ಲಿ ಹಾಗೆ ಹೇಳಿದರೆ ಹಿರಿಯ ಹೆಂಗಸಿನ ಬಾಯಿಗೆ ಸಲ್ಲದ ಮಾತಾಗುತ್ತದೆ ಎಂಬ ಅಂಜಿಕೆ. ಆದ್ದರಿಂದ ಕೇಳುತ್ತಾರೆ. ನೀವು ಶುಕ್ರವಾರ ರಾತ್ರಿ ರೊಟ್ಟಿ ಬಡಿಯುವಾಗ ಹಾಡಿನ ಅಭ್ಯಾಸ ಮಾಡುತ್ತಿದ್ದಿರಿ ಎಂದೂ ಬರೆದಿದ್ದೀರಿ. ಅದನ್ನು ಕೇಳುತ್ತಿದ್ದವರು ಯಾರು? ಆ ಮನೆಯಲ್ಲಿ ಒಬ್ಬರ ಧ್ವನಿಯನ್ನು ಸಾವು ಒಯ್ದಿತು, ಇನ್ನೊಬ್ಬರದು ತಾನಾಗಿಯೇ ನಿಂತುಹೋಯಿತು. ಮಗನನ್ನು ಕಳೆದುಕೊಂಡ ತಾಯಿ ಎರಡೂ ಮೌನಗಳ ನಡುವೆ ಕುಳಿತಿದ್ದಾರೆ. ನೀವು ಅವರ ಗುಳಿಗೆ, ಊಟ, ಬಿಸಿನೀರು ಎಲ್ಲವನ್ನೂ ನೋಡಿಕೊಳ್ಳುತ್ತೀರಿ, ನನಗೆ ಸಂಶಯವಿಲ್ಲ. ಅವರು ಕೇಳುತ್ತಿರುವುದು ಬೇರೆ.

ನೆಗೆಣ್ಣಿಯ ವಿಷಯಕ್ಕೆ ನಾನು ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ. ನಿಮ್ಮದು ಲಿಂಗ ಕಟ್ಟಿದ ಮನೆತನ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. ಆ ಶರಣರ ಮಾತುಗಳನ್ನೇ ಹಾಡುವುದಕ್ಕೆ ಸೂತಕ ಅಡ್ಡ ಬರುತ್ತದೆ ಎಂದರೆ ಹದಿನಾಲ್ಕು ವರ್ಷ ಹಾಡಿದ್ದಕ್ಕೆ ಅರ್ಥವೇನು? ಇದನ್ನು ಅವರಿಗೆ ಜಗಳವಾಡಿ ಹೇಳಬೇಕಾಗಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ನನ್ನ ಸಿಟ್ಟೆಲ್ಲ ನಿಮ್ಮ ಬಳಗದ ಕಾರ್ಯದರ್ಶಿಯ ಮೇಲೆ. ಅವರು ಒಳ್ಳೆಯವರು, ನನ್ನ ಒಳಿತಿಗೇ ಮಾಡಿದರು ಎಂದು ನೀವು ಸಮರ್ಥಿಸಿದ್ದೀರಿ. ಅವರು ಮಾಡಿದ್ದೇನು? ಪತಿ ತೀರಿಕೊಂಡ ಹದಿನೈದು ದಿನಕ್ಕೆ ನಿಮ್ಮನ್ನು ಬಳಗದ ವಾಟ್ಸಾಪ್ ಗುಂಪಿನಿಂದ ತೆಗೆದರು, "ದುಃಖದಲ್ಲಿರುವವರಿಗೆ ತೊಂದರೆಯಾಗಬಾರದು" ಎಂದು. ನೀವು ಕೂರುತ್ತಿದ್ದ ಜಾಗದಲ್ಲಿ, ಹಾರ್ಮೋನಿಯಂ ಬಳಿ, ಬೇರೆಯವರನ್ನು ಕೂರಿಸಿದರು. ಒಮ್ಮೆಯೂ ಮನೆಗೆ ಬಂದು "ಈ ಶನಿವಾರ ಬರುತ್ತೀರೇನು" ಎಂದು ಕೇಳಲಿಲ್ಲ. ಸಾವಿನ ಮನೆಗೆ ಮೂರನೆಯ ದಿನ ಬರುವವರು ನೂರು ಜನ. ಮೂರನೆಯ ತಿಂಗಳು ಬರುವವರು ಯಾರು? ಬಳಗ ಎಂಬ ಹೆಸರಿಟ್ಟುಕೊಂಡ ಮೇಲೆ ಅದು ಅವರ ಕೆಲಸವಲ್ಲವೇ?

ಈ ಮಾತಿನಲ್ಲಿ ನನ್ನ ಸ್ವಂತ ನೋವೂ ಇದೆ. ನನ್ನ ಅಣ್ಣ ತೀರಿಕೊಂಡಾಗ ವಿಜಯಪುರದಲ್ಲಿ ನಾನು ಹೋಗುತ್ತಿದ್ದ ಓದಿನ ಕೂಟದವರು ಹೀಗೆಯೇ ಸುಮ್ಮನಿದ್ದರು. ಎರಡು ವರ್ಷದ ನಂತರ ಸಿಕ್ಕಾಗ, "ನೀವೇ ಬರುತ್ತೀರಿ ಎಂದು ಕಾಯುತ್ತಿದ್ದೆವು" ಎಂದರು. ನಾನು, ಅವರೇ ಕರೆಯುತ್ತಾರೆ ಎಂದು ಕಾಯುತ್ತಿದ್ದೆ. ಇದನ್ನು ಓದುವ ಎಲ್ಲ ಸಂಘ, ಬಳಗ, ಮಂಡಳಿಗಳ ಪದಾಧಿಕಾರಿಗಳಿಗೆ ಕೈಮುಗಿದು ಕೇಳುತ್ತೇನೆ: ಸದಸ್ಯರೊಬ್ಬರ ಮನೆಯಲ್ಲಿ ಸಾವಾದರೆ ಅವರ ಚಾಪೆಯನ್ನು ಸುತ್ತಿಡಬೇಡಿ. ಅದು ಖಾಲಿ ಇರಲಿ, ಆದರೆ ಹಾಸಿರಲಿ.

ನವನಗರದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಳೆಯ ಬಾಗಲಕೋಟೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದಾಗ ನಿಮಗೆ ಸೆಕ್ಟರ್ ಸಿಕ್ಕಿತು, ನಿವೇಶನ ಸಿಕ್ಕಿತು, ಅಗಲವಾದ ರಸ್ತೆ ಸಿಕ್ಕಿತು. ಎದುರು ಮನೆಯ ಕಟ್ಟೆ ಸಿಗಲಿಲ್ಲ. ಸಂಜೆ ಕೂರುವ ಜಾಗ, ಒಬ್ಬರು ಎರಡು ದಿನ ಕಾಣದಿದ್ದರೆ ಬಾಗಿಲು ತಟ್ಟುವ ನೆರೆ, ಇದನ್ನೆಲ್ಲ ನೀವು ಮತ್ತೆ ಕೈಯಾರೆ ಕಟ್ಟಿಕೊಳ್ಳಬೇಕಾಯಿತು. ನಿಮ್ಮ ಬಳಗ ಹುಟ್ಟಿದ್ದೂ ಹಾಗೆಯೇ ಎಂದು ಬರೆದಿದ್ದೀರಿ. ಆದ್ದರಿಂದ ಅದನ್ನು "ಹವ್ಯಾಸ" ಎಂದು ಕರೆಯುವುದನ್ನು ಬಿಡಿ. ಪತ್ರದಲ್ಲಿ ಐದು ಸಲ ಆ ಪದ ಬಳಸಿದ್ದೀರಿ.

ವೇಳೆಯ ಮಾತು. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ: ವೇಳೆ ಸಿಕ್ಕಾಗ ಹೋಗುತ್ತೇನೆ ಎನ್ನುವವರು ಹೋಗುವುದಿಲ್ಲ, ವಾರ ಗೊತ್ತು ಮಾಡಿಕೊಂಡವರು ಹೋಗುತ್ತಾರೆ. ಹದಿನಾಲ್ಕು ವರ್ಷವೂ ನೀವು ಅದೇ ಸಂಘದ ಕ್ಯಾಷಿಯರ್ ಆಗಿದ್ದಿರಿ, ಮಾರ್ಚ್ ತಿಂಗಳ ಲೆಕ್ಕ ಆಗಲೂ ಇತ್ತು, ಮಕ್ಕಳು ಈಗಿಗಿಂತ ಚಿಕ್ಕವರಿದ್ದರು. ಈಗ ಶನಿವಾರ ಸಂಜೆ ಪಿಗ್ಮಿ ಏಜೆಂಟರ ಲೆಕ್ಕ ಕೂಡಿಸುವ ಕೆಲಸವನ್ನು ನೀವೇ ಕೇಳಿ ಪಡೆದಿದ್ದೀರಿ. ಐದು ಗಂಟೆಗೆ ಸ್ಕೂಟರಿನ ಸದ್ದು ಕೇಳಿಸದ ಮನೆಯಲ್ಲಿ ಇರಲಾಗದೆ ಹಾಗೆ ಮಾಡಿದಿರಿ, ನನಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಅದೇ ಮನೆಯಲ್ಲಿ ಅತ್ತೆ ಒಬ್ಬರೇ ಇರುತ್ತಾರೆ.

ಹಾಡಲು ಗಂಟಲು ಬರುವುದಿಲ್ಲ ಎಂದಿದ್ದೀರಿ. ಬರಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯ ತಗುಲಿ ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಬಾಲ್ಯದಿಂದಲೇ ಕಛೇರಿ ಮಾಡಿದ ಗಾಯಕನಿಗೆ ಅದೆಂಥ ಶಿಕ್ಷೆ! ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ ಅವರು ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಮತ್ತೆ ಹಾಡಲು ಕುಳಿತಾಗ ಆ ಕೇಳ್ಮೆಯೆಲ್ಲ ಅವರ ಸಂಗೀತದೊಳಗೆ ಬಂತು. ಹಾಡಲಾಗದ ದಿನಗಳಲ್ಲಿ ಅವರು ಕೇಳುವುದನ್ನು ಬಿಡಲಿಲ್ಲ. ನೀವು ಬಿಟ್ಟಿದ್ದೀರಿ, ನನಗೆ ಹೆದರಿಕೆ ಇರುವುದು ಅದರ ಬಗ್ಗೆ.

ಬನಶಂಕರಿ ಜಾತ್ರೆಯ ಪ್ರಶ್ನೆಯನ್ನು ಈಗ ಬಿಡಿ. ನಾಟಕಗಳು ತಿಂಗಳುದ್ದಕ್ಕೂ ನಡೆಯುತ್ತವೆ, ಅವಸರವಿಲ್ಲ. ಹೋಗಬೇಕೋ ಬೇಡವೋ ಎಂಬುದನ್ನು ಅತ್ತೆಯವರನ್ನು ಕೇಳಿ. ನಾನು ಹೇಳುವುದಕ್ಕಿಂತ ಅವರು ಹೇಳುವುದು ದೊಡ್ಡದು.

ನಿಮಗೆ ನಾನು ಒಂದೇ ಕೆಲಸ ಹೇಳುತ್ತೇನೆ. ಈ ಶನಿವಾರ ಅತ್ತೆ ಕೇಳುವ ಮೊದಲೇ, "ಏಳಿ, ಇವತ್ತು ಇಬ್ಬರೂ ಹೋಗೋಣ" ಎನ್ನಿ. ಪಿಗ್ಮಿ ಲೆಕ್ಕ ಸೋಮವಾರ ಆಗುತ್ತದೆ. ಐದು ಗಂಟೆಗೆ ಆಟೋ ಹೇಳಿಡಿ. ಅವರಿಗೆ ಗೋಡೆಗೆ ಒರಗಲು ಒಂದು ದಿಂಬು, ಹೊದೆಯಲು ಶಾಲು ಜತೆಗಿರಲಿ, ಸಂಜೆಯಾದ ಮೇಲೆ ಚಳಿ ಇದೆ. ಹಾರ್ಮೋನಿಯಂ ಬಳಿ ಹೋಗಬೇಡಿ, ಅತ್ತೆಯ ಪಕ್ಕದಲ್ಲಿ ಕುಳಿತು ಕೇಳಿ. ಅವರು ತಾಳ ಹಾಕಿದರೆ ನೀವೂ ಹಾಕಿ. ಅಳು ಬಂದರೆ ಅಲ್ಲಿಯೇ ಅಳಿ, ಎದ್ದು ಹೊರಗೆ ಹೋಗಬೇಡಿ. ಕಾರ್ಯದರ್ಶಿಗೆ ಮುಂಚಿತವಾಗಿ ಫೋನ್ ಮಾಡಿ ಕೇಳುವ ಅಗತ್ಯ ಖಂಡಿತ ಇಲ್ಲ.