ಆ ಗಲೀಜು ನೀರು ಎಲ್ಲಿಗೆ ಹೋಗುತ್ತಿತ್ತು?

ಪ್ರಶ್ನೆ: ರೋಮನ್ ಅಗಸರು ಮೂತ್ರ ಬಳಸುತ್ತಿದ್ದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಸಹ್ಯ! ಆಮೇಲೆ ಅದನ್ನು ತೊಳೆಯಲು ಎಷ್ಟು ನೀರು ಸುರಿಯುತ್ತಿದ್ದರೋ! ಆ ಗಲೀಜು ಎಲ್ಲಿಗೆ ಹೋಗುತ್ತಿತ್ತು?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದಿ ನಮ್ಮ ಕಚೇರಿಯಲ್ಲೂ ಒಬ್ಬಿಬ್ಬರು ಮೂಗು ಮುಚ್ಚಿಕೊಂಡರು. ಆದರೆ ಹಳಸಿದ ಮೂತ್ರದಲ್ಲಿ ಅಮೋನಿಯಾ ಇರುತ್ತದೆ. ಅದು ಉಣ್ಣೆಯ ಜಿಡ್ಡು ಬಿಡಿಸುತ್ತದೆ. ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣನ್ನೂ ಬಳಸುತ್ತಿದ್ದರು.

ನೀರನ್ನು ಮಾತ್ರ ಅವರು ಸುಮ್ನೆ ಸುರಿಯುತ್ತಿರಲಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ಊರು ಪೊಂಪೇಯಲ್ಲಿ ಬಟ್ಟೆ ಒಗೆಯುವ ಇಂಥದ್ದೊಂದು ಜಾಗವಿದೆ. ಅದನ್ನು ಸ್ಟೆಫಾನಸ್‌ನ ಅಗಸಶಾಲೆ ಎನ್ನುತ್ತಾರೆ. ಹಿತ್ತಲ ಕಡೆ ಸಣ್ಣ ಸಣ್ಣ ಗೂಡುಗಳು, ಎರಡೂ ಬದಿಗೆ ಮೋಟುಗೋಡೆ. ಕೆಲಸದವನು ಗೋಡೆಗೆ ಕೈ ಊರಿ, ತೊಟ್ಟಿಯೊಳಗೆ ನಿಂತು ಬಟ್ಟೆ ತುಳಿಯಬೇಕು. ಜಾಲಿಸುವುದಕ್ಕೆ ಒಂದಕ್ಕೊಂದು ಹೊಂದಿಕೊಂಡ ಮೂರು ದೊಡ್ಡ ತೊಟ್ಟಿಗಳು. ಹೊಸ ನೀರು ಒಂದು ತುದಿಗೆ ಬಂದು, ಒಂದರಿಂದ ಇನ್ನೊಂದಕ್ಕೆ ಇಳಿಯುತ್ತಾ ಹೋಗುತ್ತದೆ. ಬಟ್ಟೆಯದು ಎದುರು ದಾರಿ! ತುಳಿದ ಬಟ್ಟೆ ಮೊದಲು ಕೊನೆಯ ತೊಟ್ಟಿಯ ಕೊಳೆನೀರಿಗೆ ಬೀಳುತ್ತದೆ, ಕೊನೆಗೆ ಹೊಸ ನೀರಿಗೆ. ಒಂದೇ ನೀರು ಮೂರು ಸಲ ಕೆಲಸಕ್ಕೆ ಬಂತು, ಅಲ್ವಾ? ಕಂಜೂಸುತನ ಅನ್ನಿ, ಜಾಣತನ ಅನ್ನಿ, ನನಗಂತೂ ಈ ಎದುರು ದಾರಿ ಬಹಳ ಇಷ್ಟ.

ರೋಮ್‌ನ ನೀರಿನ ಉಸ್ತುವಾರಿ ಹೊತ್ತಿದ್ದ ಫ್ರಾಂಟಿನಸ್ ಹಳೆಯ ಕಟ್ಟಳೆಯೊಂದನ್ನು ಬರೆದಿಟ್ಟಿದ್ದಾನೆ. ಸಾರ್ವಜನಿಕ ತೊಟ್ಟಿ ತುಂಬಿ ಹೊರಚೆಲ್ಲಿದ ನೀರು ಮಾತ್ರ ಖಾಸಗಿಯವರಿಗೆ. ಅದೂ ಸ್ನಾನಗೃಹಕ್ಕೆ ಇಲ್ಲವೇ ಅಗಸಶಾಲೆಗೆ, ಅದೂ ದುಡ್ಡು ಕೊಟ್ಟರೆ.

ಇನ್ನು ಗಲೀಜಿನ ಮಾತು. ಇಲ್ಲಿ ಜಾಣತನ ಕಾಣುವುದಿಲ್ಲ. ಪೊಂಪೇಯ ಎಷ್ಟೋ ಕಡೆ ನೆಲದಡಿ ಚರಂಡಿಯೇ ಇರಲಿಲ್ಲ, ಬೀದಿಯೇ ಮೋರಿ. ಕಾಲು ಒದ್ದೆಯಾಗದೆ ದಾಟಲು ಬೀದಿ ನಡುವೆ ಎತ್ತರದ ಕಲ್ಲುಗಳನ್ನು ಹಾಸಿದ್ದರು. ಅವು ಇವತ್ತಿಗೂ ಅಲ್ಲೇ ಇವೆ.

ಜಗಳ ಆಗುತ್ತಿರಲಿಲ್ಲವೇ ಅಂದರೆ, ಆಗುತ್ತಿತ್ತು. ಒಬ್ಬ ತನ್ನ ಜಮೀನಿನ ಊಟೆಯ ಸುತ್ತ ಅಗಸಶಾಲೆ ಹಾಕಿ, ನೀರನ್ನು ಪಕ್ಕದವನ ಹೊಲಕ್ಕೆ ಬಿಟ್ಟ. ಮಳೆನೀರನ್ನು ಪಕ್ಕದವರ ಹೊಲಕ್ಕೆ ನುಗ್ಗಿಸಿದವರ ಮೇಲೆ ಹಾಕುವ ಮೊಕದ್ದಮೆಗೆ ಇದು ಬರುವುದಿಲ್ಲ ಎಂದ ರೋಮನ್ ನ್ಯಾಯಶಾಸ್ತ್ರಿ ಟ್ರೆಬಾಟಿಯಸ್. ಆದರೆ ಬಿಟ್ಟದ್ದು ಕೊಳಕು ನೀರಾದರೆ ಅವನನ್ನು ತಡೆಯಬಹುದು ಎಂಬುದೇ ಹೆಚ್ಚಿನವರ ಅಭಿಪ್ರಾಯ ಎಂದು ಮುಂದಿನ ಕಾಲದ ನ್ಯಾಯಶಾಸ್ತ್ರಿ ಉಲ್ಪಿಯನ್ ಸೇರಿಸುತ್ತಾನೆ.