ಸೈಕಲ್ಲಿನ ಏರ್ ಹಾರ್ನ್ ಸದ್ದು ಇಳಿಸುವುದು ಹೇಗೆ?

ಪ್ರಶ್ನೆ: ಸೈಕಲ್ಲಿಗೆ ಪ್ಲಾಸ್ಟಿಕ್ ಬಾಟಲಿಗೆ ಗಾಳಿ ತುಂಬುವ ಏರ್ ಹಾರ್ನ್ ಹಾಕಿಸಿದ್ದೇನೆ. ಒತ್ತಿದರೆ ಹಿಂದೆ ಲಾರಿ ಬಂತೆಂದು ಜನ ಹೌಹಾರುತ್ತಾರೆ. ಸದ್ದು ಇಳಿಸಲೆಂದು ಹಾರ್ನಿನ ತಿರುಪು ತಿರುಗಿಸಿದೆ. ಈಗ ಬುಸ್ ಎಂದು ಗಾಳಿ ಬರುತ್ತದೆ, ಸದ್ದೇ ಇಲ್ಲ. ಕೆಟ್ಟುಹೋಯಿತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೆಟ್ಟಿಲ್ಲ, ತಿರುಪು ಅತಿಯಾಗಿದೆ ಅಷ್ಟೆ. ಹಾರ್ನಿನೊಳಗೆ ತೆಳುವಾದ ಒಂದು ಬಿಲ್ಲೆ ಇದೆ, ಅದರ ನಡುಭಾಗ ಕಹಳೆಯ ಒಳತುದಿಗೆ ಒತ್ತಿ ಕೂತಿರುತ್ತದೆ. ಗಾಳಿ ಬಿಲ್ಲೆಯನ್ನು ತಳ್ಳಿ ಹೊರನುಗ್ಗುತ್ತದೆ, ಬಿಲ್ಲೆ ಮತ್ತೆ ಬಂದು ಬಡಿಯುತ್ತದೆ. ಆ ಬಡಿತವೇ ಸದ್ದು. ತಿರುಪು ಸಡಿಲವಾದರೆ ಗಾಳಿ ಸಂದಿಯಿಂದ ಸುಮ್ಮನೆ ಸೋರುತ್ತದೆ. ತೀರಾ ಬಿಗಿಯಾದರೆ ಬಿಲ್ಲೆ ಅಲುಗುವುದೇ ಇಲ್ಲ. ಬುಸ್ ಎನ್ನುತ್ತಿರುವುದರಿಂದ ನಿಮ್ಮದು ಸಡಿಲವಾಗಿರಬೇಕು. ಕಾಲು ಸುತ್ತಿನಷ್ಟೇ ಬಿಗಿಮಾಡಿ, ಕ್ಷಣಮಾತ್ರ ಒತ್ತಿ ನೋಡಿ, ಮತ್ತೆ ಕಾಲು ಸುತ್ತು. ಸದ್ದು ಸರಿಯಾದಲ್ಲಿ ಮಾರ್ಕರಿನಿಂದ ಗೆರೆ ಎಳೆದಿಡಿ. ತಿರುಗಿಸಿದಂತೆ ಸ್ವರವೂ ಬದಲಾಗುತ್ತದೆ, ಗಾಬರಿ ಬೇಡ.

ಸದ್ದು ಇಳಿಸಲು ತಿರುಪಿಗಿಂತ ಗಾಳಿ ಕಡಿಮೆ ಮಾಡುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬುತ್ತಿದ್ದರೆ 50ಕ್ಕೆ ನಿಲ್ಲಿಸಿ. ಸದ್ದು ಮೆತ್ತಗಾಗುತ್ತದೆ, ಆದರೆ ಒಮ್ಮೆ ತುಂಬಿದರೆ ಸಿಗುವ ಒತ್ತುಗಳೂ ಕಡಿಮೆಯಾಗುತ್ತವೆ. ಇಂಥ ಬಾಟಲಿಗೆ ಸಾಮಾನ್ಯವಾಗಿ ಸ್ಕೂಟರ್ ಟೈರಿನಂಥದೇ ವಾಲ್ವ್ ಇರುತ್ತದೆ, ಹಳೇ ಸೈಕಲ್ ಪಂಪಿನ ಮೂತಿ ಅದಕ್ಕೆ ಕೂರುವುದಿಲ್ಲ. ಹಾಗೆಂದು ಪೆಟ್ರೋಲ್ ಬಂಕಿನ ಪೈಪು ಹಚ್ಚಬೇಡಿ! ಪುಟ್ಟ ಬಾಟಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ಮೀರುತ್ತದೆ. ಗೇಜ್ ಇರುವ ಕಾಲುಪಂಪು ಬಳಸಿ, ಬಾಟಲಿಯ ಮೇಲೆ ಅಚ್ಚಾದ ಮಿತಿ ದಾಟಬೇಡಿ.

ರಾತ್ರಿ ತುಂಬಿದ ಗಾಳಿ ಬೆಳಿಗ್ಗೆಗೆ ಇಳಿದಿದ್ದರೆ ವಾಲ್ವ್‌ಗೂ ಬಾಟಲಿಯಿಂದ ಹಾರ್ನಿಗೆ ಹೋಗುವ ಕೊಳವೆಯ ಎರಡೂ ತುದಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ವಾಲ್ವಿನಲ್ಲಿ ಎದ್ದರೆ ಒಳಗಿನ ಪಿನ್ನನ್ನು ವಾಲ್ವ್ ಕೀಲಿಯಿಂದ ಬಿಗಿಮಾಡಿ. ಕೊಳವೆಯ ತುದಿ ಬಿರಿದಿದ್ದರೆ, ಗಾಳಿಯನ್ನೆಲ್ಲ ಬಿಟ್ಟ ಮೇಲೆ, ಒಂದು ಸೆಂ.ಮೀ. ಕತ್ತರಿಸಿ ಮತ್ತೆ ತೂರಿಸಿ. ಮಳೆಯಲ್ಲಿ ನೆನೆದು ಸದ್ದು ಗೊಗ್ಗರಾದರೆ ಕಹಳೆಯ ಬಾಯಿ ಕೆಳಗೆ ಮಾಡಿ ಎರಡು ಮೂರು ಸಲ ಊದಿಸಿ, ನೀರು ಹೊರಬೀಳುತ್ತದೆ. ಎಣ್ಣೆ ಮಾತ್ರ ಬಿಡಬೇಡಿ, ಧೂಳು ಬಿಲ್ಲೆಗೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ರಬ್ಬರ್ ಉಂಡೆ ಹಿಂಡುವ ಹಳೇ ಪೋಂ ಪೋಂ ಹಾರ್ನಿನ ಸದ್ದು ಇಳಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅದರಲ್ಲಿ ತಿರುಪಿಲ್ಲ. ಮೆಲ್ಲಗೆ ಹಿಂಡಿ, ಅಥವಾ ಕಹಳೆಯ ಬಾಯಿಗೆ ಸ್ಪಂಜಿನ ತುಂಡು ಸಡಿಲವಾಗಿ ತುರುಕಿ. ಉಂಡೆ ಕಳಚಿದರೆ ಕಾಣುವ ಹಿತ್ತಾಳೆ ಪೀಪಿಯ ನಾಲಿಗೆಯನ್ನು ಬಗ್ಗಿಸಲು ಹೋಗಬೇಡಿ. ಕೂದಲೆಳೆಯಷ್ಟು ಹೆಚ್ಚು ಎದ್ದರೂ ಅದು ಬರೀ ಗಾಳಿ ಬಿಡುತ್ತದೆ.