ಸಂಪಾದಕರ ಉತ್ತರ: ಆ ಪಟ್ಟಿಯನ್ನು ಯಾಕೆ ಅಚ್ಚು ಹಾಕಲಿಲ್ಲ

ಮಂಡ್ಯದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು. ಅವರಿಗೆ ವಾಕಿಂಗ್ ಜೊತೆಗಾರರೊಬ್ಬರು ಇದ್ದಾರೆ. ನಿವೃತ್ತ ಮೇಷ್ಟ್ರು, ಪ್ರೊಟೆಸ್ಟೆಂಟ್ ಕ್ರೈಸ್ತರು. ಯಾವ ಮಾತು ಎತ್ತಿದರೂ ಮೇಷ್ಟ್ರು ‘ಸತ್ಯವೇದದಲ್ಲಿ ಹೀಗಿದೆ’ ಅಂತ ಹೇಳಿ ಮುಗಿಸಿಬಿಡುತ್ತಾರೆ. ಸತ್ಯವೇದ ಅಂದರೆ ಬೈಬಲ್. ಅದರ ಒಂದೊಂದು ಅಕ್ಷರವೂ ದೇವರದ್ದು, ತಪ್ಪು ಇರುವುದಕ್ಕೆ ಸಾಧ್ಯವೇ ಇಲ್ಲ ಅನ್ನುತ್ತಾರೆ. ಇವರಿಗೆ ರೇಗಿತು. ಬೈಬಲ್‌ನ ಒಳಗೇ ಒಂದಕ್ಕೊಂದು ತಾಳೆಯಾಗದ ಮಾತುಗಳ ಪಟ್ಟಿ ಮಾಡಿ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಓದಿದರು, ಮಡಚಿ ಜೇಬಿಗೆ ಇಟ್ಟುಕೊಂಡರು. ಮಾರನೇ ದಿನದಿಂದ ವಾಕಿಂಗ್‌ಗೆ ಬರುತ್ತಿಲ್ಲ. ‘ಸಾಕ್ಷಿ ಕಣ್ಣ ಮುಂದೆ ಇಟ್ಟರೂ ಯಾಕೆ ಒಪ್ಪುವುದಿಲ್ಲ? ಈ ಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿ, ಯಾರಾದರೂ ಉತ್ತರ ಕೊಡಲಿ. ನಮ್ಮ ಧರ್ಮಕ್ಕೆ ಒಂದೇ ಪುಸ್ತಕ ಅಂತ ಇಲ್ಲ, ಅದಕ್ಕೇ ನಮಗೆ ಈ ತಾಪತ್ರಯ ಇಲ್ಲ’ ಎಂದು ಪತ್ರ ಮುಗಿಯುತ್ತದೆ.

ಸ್ವಾಮಿ, ಮೊದಲು ಪಟ್ಟಿಯ ವಿಷಯಕ್ಕೇ ಬರೋಣ. ಅದರಲ್ಲಿರುವುದು ಬಹುಪಾಲು ಸರಿಯಾಗಿಯೇ ಇದೆ. ಯೇಸುವನ್ನು ಹಿಡಿದುಕೊಟ್ಟ ಯೂದ ಮತ್ತಾಯನ ಸುವಾರ್ತೆಯ (ಯೇಸುವಿನ ಜೀವನ ಹೇಳುವ ಪುಸ್ತಕದ) ಪ್ರಕಾರ ನೇಣು ಹಾಕಿಕೊಂಡ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಪ್ರಕಾರ ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದುಕೊಂಡ. ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಲೂಕನ ಸುವಾರ್ತೆಯಲ್ಲಿ ಹೇಲಿ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಆಮೇಲೆ. ಎರಡನೇ ಅಧ್ಯಾಯದಲ್ಲಿ ಮನುಷ್ಯ ಮೊದಲು. ಇವೆಲ್ಲ ಯಾರು ಬೇಕಾದರೂ ತೆರೆದು ನೋಡಬಹುದಾದ ಮಾತು.

ಯಾರು ಬೇಕಾದರೂ ನೋಡಬಹುದು ಅಂದ ಮೇಲೆ ಕ್ರೈಸ್ತರೂ ನೋಡಿದ್ದಾರೆ, ಅಲ್ವಾ? ಅದೂ ನಿನ್ನೆ ಮೊನ್ನೆ ಅಲ್ಲ. ಸುಮಾರು 170ನೇ ಇಸವಿಯ ಹೊತ್ತಿಗೇ ತಾತಿಯಾನ್ ಎಂಬಾತ ನಾಲ್ಕು ಸುವಾರ್ತೆಗಳನ್ನು ಸೇರಿಸಿ, ತಾಳೆಯಾಗದ್ದನ್ನು ಸರಿಮಾಡಿ, ಒಂದೇ ಕಥೆಯಾಗಿ ಹೆಣೆದುಕೊಟ್ಟ. ಸಿರಿಯಾಕ್ ಮಾತಾಡುವ ಚರ್ಚ್‌ಗಳಲ್ಲಿ ತಲೆಮಾರುಗಟ್ಟಲೆ ಅದನ್ನೇ ಓದುತ್ತಿದ್ದರು. (ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪೂಜೆಯ ಭಾಷೆ ಇದೇ ಸಿರಿಯಾಕ್.) ಐದನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ಆ ಪುಸ್ತಕದ 200ಕ್ಕೂ ಜಾಸ್ತಿ ಪ್ರತಿಗಳನ್ನು ತೆಗೆಸಿ, ಅವುಗಳ ಜಾಗದಲ್ಲಿ ಮತ್ತೆ ನಾಲ್ಕು ಸುವಾರ್ತೆಗಳನ್ನೇ ಇಡಿಸಿದ. ಅಂದರೆ ಜಗಳವಿಲ್ಲದ ಒಂದು ಕಥೆ ಕೈಯಲ್ಲೇ ಇತ್ತು. ಅದನ್ನು ಬಿಟ್ಟು, ಒಂದಕ್ಕೊಂದು ಪೂರ್ತಿ ಹೊಂದದ ನಾಲ್ಕನ್ನು ಅವರು ಉಳಿಸಿಕೊಂಡರು. ಇಷ್ಟು ಹಳೆಯ ಪ್ರಶ್ನೆಯನ್ನು ಹೊಸ ಬಾಂಬ್ ಎಂಬಂತೆ ಮೇಷ್ಟ್ರ ಮುಂದೆ ಹಾಕಿದರೆ ಅವರ ನಂಬಿಕೆ ಯಾಕೆ ಅಲ್ಲಾಡಬೇಕು?

ಮೂರನೇ ಶತಮಾನದ ಒರಿಜೆನ್ ಇನ್ನೂ ಜೋರಿನವನು. ಆದಿಕಾಂಡ ಹೇಳುವ ಹಾಗೆ ಸೂರ್ಯನೇ ಇಲ್ಲದೆ ಮೊದಲ ದಿನ, ಎರಡನೇ ದಿನ, ಬೆಳಗು, ಸಂಜೆ ಆಯಿತು ಅಂತ ಬುದ್ಧಿ ಇರುವವನು ಯಾರು ನಂಬುತ್ತಾನೆ ಎಂದು ಕೇಳಿದ. ಕೇಳಿದವನು ನಾಸ್ತಿಕ ಅಲ್ಲ. ಬೈಬಲ್‌ಗೆ ವ್ಯಾಖ್ಯಾನ ಬರೆಯುವುದರಲ್ಲೇ ಆಯಸ್ಸು ಕಳೆದ ಮನುಷ್ಯ.

ನಿಮ್ಮ ಪಟ್ಟಿಯ ಕೊನೆಯ ಸಾಲು ಮಾತ್ರ ಸುಳ್ಳು. 325ರಲ್ಲಿ ನಡೆದ ಬಿಷಪ್‌ಗಳ ನೈಸಿಯಾ ಸಭೆಯಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಓಟು ಹಾಕಿಸಿ ಯಾವ ಪುಸ್ತಕ ಬೈಬಲ್‌ನಲ್ಲಿರಬೇಕು ಎಂದು ತೀರ್ಮಾನಿಸಿದ ಎಂದು ಬರೆದಿದ್ದೀರಿ. ಈ ಕಥೆ ಎಲ್ಲ ಕಡೆ ಓಡಾಡುತ್ತಿದೆ, ಆದರೆ ಆ ಸಭೆಯ ತೀರ್ಮಾನಗಳಲ್ಲಿ ಗ್ರಂಥಪಟ್ಟಿಯ ಮಾತೇ ಇಲ್ಲ. ಅಲ್ಲಿ ಜಗಳ ನಡೆದದ್ದು ಏರಿಯಸ್ ಎಂಬ ಪಾದ್ರಿಯ ಬೋಧನೆಯ ಮೇಲೆ, ಈಸ್ಟರ್ ಯಾವಾಗ ಆಚರಿಸಬೇಕು ಎಂಬುದರ ಮೇಲೆ. ಬೇರೆಯವರ ಗ್ರಂಥದಲ್ಲಿ ತಪ್ಪು ಹುಡುಕುವ ಪಟ್ಟಿಯಲ್ಲೇ ಇಂಥದ್ದು ನುಸುಳಿದರೆ ಮೇಷ್ಟ್ರಿಗೆ ಅದೊಂದೇ ಸಾಕು.

ನಿಜವಾಗಿ ನಡೆದದ್ದು ಇದಕ್ಕಿಂತ ಸ್ವಾರಸ್ಯವಾಗಿದೆ. ಈಗ ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲ್‌ನ ಯೇಸುವಿನಿಂದ ಮುಂದಿನ ಭಾಗದಲ್ಲಿ, ಇರುವ 27 ಪುಸ್ತಕಗಳನ್ನು, ಅಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ, ಪಟ್ಟಿ ಮಾಡಿ ಕೊಟ್ಟ ಹಳೆಯ ದಾಖಲೆ 367ರದ್ದು. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಈಸ್ಟರ್ ಸಮಯದಲ್ಲಿ ಬರೆದ ಪತ್ರ ಅದು. ಅದಕ್ಕೆ ಮುಂಚೆ ಪ್ರಕಟಣೆ ಎಂಬ ಪುಸ್ತಕ, ಇಬ್ರಿಯರಿಗೆ ಬರೆದ ಪತ್ರ, ಪೇತ್ರನ ಎರಡನೇ ಪತ್ರ, ಇವೆಲ್ಲ ಇರಬೇಕೋ ಬೇಡವೋ ಎಂದು ಎಳೆದಾಟ ಇತ್ತು. ಲೂಥರ್ 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದಾಗ ತನಗೆ ಹಿಡಿಸದ ನಾಲ್ಕು ಪುಸ್ತಕಗಳನ್ನು ಕೊನೆಗೆ ತಳ್ಳಿದ. ಇವತ್ತಿಗೂ ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೋಲಿಕರದ್ದರಲ್ಲಿ 73. ಇಥಿಯೋಪಿಯಾದ ಆರ್ಥಡಾಕ್ಸ್ ಚರ್ಚ್‌ನವರು 81 ಎನ್ನುತ್ತಾರೆ. ಯಾವುದು ಗ್ರಂಥ ಅಂತ ಗ್ರಂಥವೇ ಹೇಳಿಲ್ಲ. ಓದುವ ಜನ ಸೇರಿ, ಶತಮಾನಗಟ್ಟಲೆ ಕಿತ್ತಾಡಿ, ಒಪ್ಪಿಕೊಂಡದ್ದು.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಗ್ರಂಥ ಮೊದಲೋ, ಅದನ್ನು ಹಿಡಿದ ಸಮುದಾಯ ಮೊದಲೋ? ಮೇಷ್ಟ್ರು ಬಹುಶಃ ‘ಗ್ರಂಥವೆಲ್ಲ ದೈವಪ್ರೇರಿತ’ ಎಂದು ಹೊಸ ಒಡಂಬಡಿಕೆಯಲ್ಲಿರುವ, ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಮಾತು ತೋರಿಸುತ್ತಾರೆ. ಆ ಪತ್ರ ಬರೆಯುವಾಗ 27 ಪುಸ್ತಕಗಳ ಕಟ್ಟು ಇನ್ನೂ ಆಗಿರಲಿಲ್ಲ. ಗ್ರಂಥ ದೊಡ್ಡದು ಅನ್ನುವುದಕ್ಕೆ ಗ್ರಂಥವೇ ಸಾಕ್ಷಿ ಅಂದರೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಈ ಗಂಟಿನ ಮೇಲೆ ಒಂದು ದೊಡ್ಡ ಜಗಳ ನಡೆದಿದೆ. ಅದರ ಬೇರು ನಿಮ್ಮ ಜಿಲ್ಲೆಯಲ್ಲೇ ಇದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅಬ್ಬೆ ದುಬಾಯ್ ಅವರ ಹೆಸರಿನ ಚರ್ಚ್ ಇದೆಯಲ್ಲ, ನೋಡಿರಬಹುದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಕಡೆಗೆ ಬಂದ ಫ್ರೆಂಚ್ ಕ್ಯಾಥೋಲಿಕ್ ಪಾದ್ರಿ ಅವರು. ಇಲ್ಲಿಯವರ ಹಾಗೆ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ವರ್ಷಗಟ್ಟಲೆ ಜನರ ನಡುವೆ ಇದ್ದರು. 1823ರಲ್ಲಿ ವಾಪಸ್ ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳು ಅಚ್ಚಾದವು. ಬೈಬಲನ್ನು ದೇಶಭಾಷೆಗಳಿಗೆ ತಂದು ಸುಮ್ನೆ ಹಂಚಿದರೆ ಪ್ರಯೋಜನವಿಲ್ಲ, ಕೆಡುಕೇ ಜಾಸ್ತಿ ಎಂಬುದು ಅವರ ವಾದ. ಗ್ರಂಥವೇ ಎಲ್ಲಕ್ಕಿಂತ ಮೇಲು ಎನ್ನುವ ಪ್ರೊಟೆಸ್ಟೆಂಟ್ ಮಿಷನರಿಗಳಿಗೆ ಇದು ಹೇಗೆ ಉರಿದಿರಬಹುದು, ಯೋಚಿಸಿ. ಆ ಕಾಲಕ್ಕೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಮುಳುಗಿದ್ದರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ಜೇಮ್ಸ್ ಹಫ್ ಎಂಬ ಪಾದ್ರಿ 1824ರಲ್ಲೇ ದುಬಾಯ್ ಅವರಿಗೆ ಪುಸ್ತಕದಷ್ಟು ಉದ್ದದ ಉತ್ತರ ಬರೆದರು.

ದುಬಾಯ್ ತಮ್ಮ ಆ ಪತ್ರಗಳಲ್ಲಿ ತಮ್ಮದೇ ಒಂದು ಪ್ರಸಂಗ ಹೇಳಿಕೊಳ್ಳುತ್ತಾರೆ. ಒಮ್ಮೆ ಯೇಸು ಹೇಳಿದ ದಾರಿ ತಪ್ಪಿದ ಮಗನ ದೃಷ್ಟಾಂತ ಕಥೆಯನ್ನು ಬೋಧನೆಯಲ್ಲಿ ಹೇಳುತ್ತಿದ್ದರಂತೆ. ಮಗ ಮನೆಗೆ ಬಂದ ಖುಷಿಗೆ ಅಪ್ಪ ಕೊಬ್ಬಿದ ಕರು ಕಡಿಸಿ ಊಟ ಹಾಕಿಸುತ್ತಾನಲ್ಲ, ಆ ಕಥೆ. ಬೋಧನೆ ಮುಗಿದ ಮೇಲೆ ಅವರದೇ ಸಭೆಯ ಕೆಲವು ಕ್ರೈಸ್ತರು ಮುಖ ಗಂಟು ಹಾಕಿಕೊಂಡು ಬಂದರು. ಕರುವಿನ ಮಾತು ಎತ್ತಿದ್ದು ಸರಿಯಲ್ಲ, ಹಿಂದೂಗಳು ಯಾರಾದರೂ ಕೇಳಿಸಿಕೊಂಡಿದ್ದರೆ ನಮ್ಮ ಧರ್ಮವನ್ನು ಕೀಳು ಅನ್ನುತ್ತಿದ್ದರು, ಮುಂದಿನ ಸಲ ಕರುವಿನ ಬದಲು ಕುರಿಮರಿ ಅಂತ ಹೇಳಿ ಎಂದರಂತೆ. ನೋಡಿ, ಗ್ರಂಥವನ್ನು ದೇವರ ಮಾತು ಎಂದು ನಂಬಿದವರೇ ಅದರಲ್ಲಿ ಒಂದು ಪ್ರಾಣಿ ಬದಲಾಯಿಸಿ ಅಂತ ಸಲಹೆ ಕೊಡುತ್ತಿದ್ದಾರೆ. ಇದು ಅಪನಂಬಿಕೆ ಅಲ್ಲ. ಇರುವ ಊರಿನಲ್ಲಿ ಆ ಗ್ರಂಥದ ಜೊತೆ ಬಾಳುವ ದಾರಿ ಹುಡುಕುವುದು. ಆದರೆ ಆ ಸಲಹೆಯ ಒಳಗೆ ಜಾತಿಯ ಭಯವೂ ಇದೆ ಎಂಬುದನ್ನು ಮರೆಯಬಾರದು. ಕೀಳು ಅನಿಸಿಕೊಳ್ಳಬಾರದು ಎಂಬ ಆತಂಕ ಸುವಾರ್ತೆಯಿಂದ ಬಂದದ್ದಲ್ಲ, ಊರಿನಿಂದ ಬಂದದ್ದು.

ಇನ್ನು ‘ನಮಗೆ ಈ ತಾಪತ್ರಯ ಇಲ್ಲ’ ಎಂಬ ನಿಮ್ಮ ಮಾತು. ಮೇಲುಕೋಟೆಯನ್ನು ಇಟ್ಟುಕೊಂಡ ಜಿಲ್ಲೆಯವರು ಹೀಗೆ ಹೇಳಬಹುದೇ? ವೇದ ಯಾರೂ ಬರೆದದ್ದಲ್ಲ, ಅದಕ್ಕೆ ಬೇರೆ ಪ್ರಮಾಣ ಬೇಕಿಲ್ಲ ಎಂದು ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರು ಹೇಳಿದ್ದು ಮೇಷ್ಟ್ರು ಹೇಳುವುದಕ್ಕಿಂತ ಒಂದು ಕೈ ಮೇಲೇ ಇದೆ. ಅದೇ ಉಪನಿಷತ್ತು, ಅದೇ ಬ್ರಹ್ಮಸೂತ್ರ ಹಿಡಿದು ಶಂಕರರು ಒಂದು ಹೇಳಿದರು, ರಾಮಾನುಜರು ಇನ್ನೊಂದು, ಮಧ್ವರು ಮತ್ತೊಂದು. ಶ್ರೀವೈಷ್ಣವರು ಆಳ್ವಾರರು ಎಂಬ ವಿಷ್ಣುಭಕ್ತ ಕವಿಗಳ ನಾಲ್ಕು ಸಾವಿರ ತಮಿಳು ಪದ್ಯಗಳನ್ನು ವೇದಕ್ಕೆ ಸಮ ಎಂದು ಇಟ್ಟುಕೊಂಡರು. ಆ ಆಳ್ವಾರರಲ್ಲಿ ಎಲ್ಲರಿಗಿಂತ ದೊಡ್ಡವರೆನಿಸಿದ ನಮ್ಮಾಳ್ವಾರ್ ಬ್ರಾಹ್ಮಣರಲ್ಲ. ಆ ಪದ್ಯಗಳಿಗೆ ಆ ಪಟ್ಟ ಕಟ್ಟಿದವರು ಯಾರು? ಅವನ್ನು ಹಾಡಿಕೊಂಡು ಬಂದ ಜನವೇ. ಶ್ರೀವೈಷ್ಣವರದೇ ಎರಡು ಪಂಗಡಗಳಾದ ವಡಕಲೆ, ತೆಂಕಲೆಯವರು ಕೋರ್ಟಿನವರೆಗೂ ಹೋದ ಕಥೆ ಬೇರೆ ಇದೆ, ಈಗ ಬೇಡ. ಬೈಬಲ್ ಮೇಲೆ ಹಾಕುವ ತಕ್ಕಡಿಯನ್ನು ನಮ್ಮ ಮನೆಯ ಗ್ರಂಥಗಳ ಮೇಲೂ ಹಾಕಲು ತಯಾರಿದ್ದರೆ ಮಾತ್ರ ಈ ವಾದಕ್ಕೆ ಮರ್ಯಾದೆ. ನಿಮ್ಮ ಪಟ್ಟಿಯನ್ನು ಅಚ್ಚು ಹಾಕದಿದ್ದಕ್ಕೆ ದೊಡ್ಡ ಕಾರಣ ಇದೇ. ಒಂದೇ ಮನೆಯ ಗೋಡೆಯ ಬಿರುಕು ತೋರಿಸುವ ಪಟ್ಟಿಯಿಂದ ನಗುವವರು ಸಿಗುತ್ತಾರೆ, ಓದುವವರು ಸಿಗುವುದಿಲ್ಲ.

ಹಾಗಾದರೆ ವಾದವೇ ಬೇಡವೇ? ಖಂಡಿತ ಬೇಕು. ಬೈಬಲ್‌ನಲ್ಲೇ ವಾದ ತುಂಬಿಕೊಂಡಿದೆ. ಸೊದೋಮ್ ಪಟ್ಟಣವನ್ನು ನಾಶ ಮಾಡುತ್ತೇನೆ ಎಂದ ದೇವರ ಜೊತೆ ಅಬ್ರಹಾಮ ಮಂಡ್ಯದ ಸಂತೆಯಲ್ಲಿ ಬೆಲ್ಲ ಕೊಳ್ಳುವವನ ಹಾಗೆ ಚೌಕಾಸಿ ಮಾಡುತ್ತಾನೆ. ಐವತ್ತು ಜನ ಒಳ್ಳೆಯವರಿದ್ದರೆ? ನಲವತ್ತೈದು? ನಲವತ್ತು? ಹೀಗೆ ಹತ್ತಕ್ಕೆ ಇಳಿಸುತ್ತಾನೆ. ದೇವರು ಸಿಟ್ಟಾಗುವುದಿಲ್ಲ. ಯೋಬನ ಪುಸ್ತಕವಂತೂ ಇನ್ನೂ ತೀಕ್ಷ್ಣ. ತಪ್ಪು ಮಾಡದೆಯೂ ಕಷ್ಟಕ್ಕೆ ಸಿಕ್ಕ ಯೋಬ ದೇವರನ್ನೇ ಕಟಕಟೆಗೆ ಎಳೆಯುತ್ತಾನೆ. ಅವನ ಮೂವರು ಗೆಳೆಯರು ದೇವರ ಪರವಾಗಿ ವಕಾಲತ್ತು ಮಾಡುತ್ತಾರೆ. ಕೊನೆಗೆ ದೇವರು ಬೈದದ್ದು ಆ ಗೆಳೆಯರನ್ನು. ಯೋಬ ಆಡಿದ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು. ಇದನ್ನು ಮೇಷ್ಟ್ರಿಗೆ ಹೇಳಿ ನೋಡಿ. ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ.

ವಾದ ಮಾಡಬೇಕಾದದ್ದು ಯೂದ ಹೇಗೆ ಸತ್ತ ಎಂಬುದರ ಮೇಲೆ ಅಲ್ಲ. ‘ಹೀಗಿದೆ’ ಎಂದು ತೋರಿಸಿ ಇನ್ನೊಬ್ಬರ ಬದುಕಿಗೆ ಕೈ ಹಾಕುವ ಓದಿನ ಮೇಲೆ. ಅಮೆರಿಕದಲ್ಲಿ ಕರಿಯರನ್ನು ಜೀತಕ್ಕಿಟ್ಟವರು ದಾಸರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ಅಪೊಸ್ತಲ ಪೌಲನ ಹೆಸರಿನಲ್ಲಿ ಬೈಬಲ್‌ನಲ್ಲಿರುವ ಪತ್ರದ ಮಾತನ್ನು ತೋರಿಸಿದರು. ಬಿಡಿಸಬೇಕು ಎಂದವರು ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂಬ ಗಲಾತ್ಯದವರಿಗೆ ಪೌಲ ಬರೆದ ಪತ್ರ ತೋರಿಸಿದರು. ಎರಡೂ ಒಂದೇ ರಟ್ಟಿನೊಳಗಿನ ಮಾತು. ಈ ಜಗಳದಿಂದಲೇ 1845ರಲ್ಲಿ ಅಮೆರಿಕದ ದಕ್ಷಿಣ ಭಾಗದ ಬ್ಯಾಪ್ಟಿಸ್ಟರು (ಒಂದು ಪ್ರೊಟೆಸ್ಟೆಂಟ್ ಪಂಗಡ) ಬೇರೆ ಸಂಸ್ಥೆ ಕಟ್ಟಿಕೊಂಡರು. 1995ರಲ್ಲಿ ಅದೇ ಸಂಸ್ಥೆ ಕ್ಷಮೆ ಕೇಳಿತು. ಆ 150 ವರ್ಷಗಳಲ್ಲಿ ಗ್ರಂಥದ ಸಾಲು ಬದಲಾಗಲಿಲ್ಲ, ಓದುವವರು ಬದಲಾದರು. ಔಷಧ ಬೇಡ, ಪ್ರಾರ್ಥನೆ ಸಾಕು ಎಂದು ಯಾರಾದರೂ ಮಗುವಿಗೆ ಚಿಕಿತ್ಸೆ ತಪ್ಪಿಸಿದರೆ ಅಲ್ಲಿ ನಯ ಬೇಕಿಲ್ಲ, ಎದುರು ನಿಂತು ಹೇಳಲೇಬೇಕು. ನಮ್ಮ ಸಂವಿಧಾನದ 25ನೇ ವಿಧಿಯೂ ಧರ್ಮದ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಡಿಸಿಯೇ ಕೊಟ್ಟಿದೆ.

ಆದರೆ ಯಾರಿಗೂ ತೊಂದರೆ ಕೊಡದ ನಂಬಿಕೆ ನಮಗೆ ಅರ್ಥವಾಗದ ಮಾತ್ರಕ್ಕೆ ಅದನ್ನು ಮುರಿಯಲೇಬೇಕು ಅಂತ ಹೊರಡುವುದು ಬೇರೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರು ಬೈಬಲನ್ನು ಓದಿಕೊಂಡ ರೀತಿ ಹಾಗೆ. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಆ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಎಂಬುದು ಪ್ರಶ್ನೆಯಲ್ಲ, ಅವರು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದು ಪ್ರಶ್ನೆ ಎಂದಿತು. ನನಗೆ ಇದು ತುಂಬ ಹಿಡಿಸಿದ ತೀರ್ಪು.

‘ಸಾಕ್ಷಿ ಇಟ್ಟರೂ ಯಾಕೆ ಒಪ್ಪುವುದಿಲ್ಲ’ ಎಂದು ಕೇಳಿದ್ದೀರಿ. ಮೇಷ್ಟ್ರು ಯೋಸೇಫನ ತಂದೆಯ ಹೆಸರು ನೋಡಿ ಕ್ರೈಸ್ತರಾಗಿ ಉಳಿದವರಲ್ಲ. ಬಹುಶಃ ಯಾವುದೋ ಕಷ್ಟದ ಕಾಲದಲ್ಲಿ ಒಂದು ಕೀರ್ತನೆ ಅವರನ್ನು ಎತ್ತಿ ನಿಲ್ಲಿಸಿದೆ. ನಿಮ್ಮ ಪಟ್ಟಿ ಅದನ್ನು ಮುಟ್ಟುವುದೇ ಇಲ್ಲ. ಇನ್ನು ‘ಒಂದೊಂದು ಅಕ್ಷರವೂ’ ಎಂಬ ಅವರ ಪಟ್ಟು. 1978ರಲ್ಲಿ ಶಿಕಾಗೋದಲ್ಲಿ ಸೇರಿದ ಕಟ್ಟಾ ಪ್ರೊಟೆಸ್ಟೆಂಟ್ ವಿದ್ವಾಂಸರು ಕೂಡ ತಪ್ಪಿಲ್ಲ ಎಂದದ್ದು ಮೂಲ ಹಸ್ತಪ್ರತಿಗಳ ಬಗ್ಗೆ ಮಾತ್ರ. ಆ ಮೂಲಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ನಾಲ್ಕನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಇಲ್ಲ. ಇದನ್ನು ಹುಡುಕಿ ಹೇಳಿದವರು ಬೈಬಲನ್ನು ಪ್ರೀತಿಸಿ ಓದಿದ ವಿದ್ವಾಂಸರೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಟ್ಟಿ ಬಿಟ್ಟು ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಫಿಲೆಮೋನನಿಗೆ ಪೌಲ ಬರೆದ ಪತ್ರ ತೆಗೆಯಿರಿ ಅನ್ನುತ್ತಿದ್ದೆ. ಒಂದೇ ಅಧ್ಯಾಯ, 25 ವಚನ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಒನೇಸಿಮ ಎಂಬ ದಾಸನನ್ನು ಪೌಲ ಅವನ ಯಜಮಾನನ ಹತ್ತಿರವೇ ವಾಪಸ್ ಕಳಿಸುತ್ತಾನೆ. ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎನ್ನುತ್ತಾನೆ. ಬಿಡುಗಡೆ ಮಾಡು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಯಾಕೆ ಹೇಳಲಿಲ್ಲ? ಹೇಳದೆಯೇ ಹೇಳಿದನೇ? ಇದು ಮೇಷ್ಟ್ರು ಒಂದು ವಚನ ತೋರಿಸಿ ಮುಗಿಸಲಾಗದ ಪ್ರಶ್ನೆ. ನೀವು ಒಂದು ತಪ್ಪು ತೋರಿಸಿ ಗೆಲ್ಲಲಾಗದ ಪ್ರಶ್ನೆಯೂ ಹೌದು.

ಇಬ್ಬರೂ ಕೂತು ಓದಿದ ಮೇಲೆ ನೀವೊಂದು, ಅವರೊಂದು ಬರೆದು ಕಳಿಸಿ. ಎದುರುಬದುರು ಪುಟದಲ್ಲಿ ಹಾಕುತ್ತೇವೆ, ಒಬ್ಬೊಬ್ಬರಿಗೆ ಒಂದು ಪುಟ. ಅವರ ಬರಹವನ್ನು ಅವರ ಕೈಯಲ್ಲೇ ಬರೆಸಿ, ನೀವು ಸಾರಾಂಶ ಮಾಡಬೇಡಿ. ಹೆಸರು ಬೇಡ ಎಂದರೆ ಇಬ್ಬರದೂ ಹಾಕುವುದಿಲ್ಲ.